ಬೆಣ್ಣೆ ಮಂಟಪದ ಎದುರಿನ ಮನೆ

...ಕೋಟಾದ್ರೂ ಬಿಚ್ಚೇ ಬೆರಿಲ್. ಮನೆಯೊಳಗೆ ಕೂತು ಯಾರಾದ್ರೂ ಕತ್ತಿನ ತನಕ ಗುಂಡಿ ಹಾಕ್ಕೊಂಡಿರ್ತಾರಾ? ಬಸ್‌ ಸ್ಟ್ಯಾಂಡಲ್ಲಿ ಕೂತ ಹಾಗೆ... ಬೇಡ್ವಾ? ಸರಿ ಬಿಡು, ಹಾಗೇ ಇರು. ಕಲ್ಲಿನ ಮನೆ, ಏಪ್ರಿಲ್ ಬಂದ್ರೂ ಒಳಗೆ ಥಂಡಿನೇ. ಟೀ ಆದ್ರೂ ಕುಡಿ. ನಿನ್ನೆ ನಿಮ್ಮಣ್ಣನ್ನ ಮಣ್ಣು ಮಾಡಿ ಬಂದಾಗಿನಿಂದ ನೀನು ಒಂದು ತುತ್ತು ಬಾಯಿಗಿಟ್ಟಿಲ್ಲ, ಒಂದು ಮಾತಾಡಿಲ್ಲ. ರಾತ್ರಿಯೆಲ್ಲಾ ಮೇಲಿನ ಕೋಣೇಲಿ ನಡೆದಾಡ್ತಾನೇ ಇದ್ದೆ. ಹಳೇ ಮರದ ಹಲಗೆ ಅದು, ಪ್ರತಿ ಹೆಜ್ಜೆ ಕೇಳಿಸುತ್ತೆ ನಂಗೆ.

ಮಣ್ಣಿಗೆ ಹದಿಮೂರೇ ಜನ ಬಂದಿದ್ರು ಅಂತ ತಾನೇ ನಿನ್ನ ಸಂಕಟ? ನಾನೂ ನೋಡ್ದೆ. ನಮ್ಮ ಹಳೇ ಊರು ಕೋವೆಂಟ್ರಿಯಲ್ಲಾಗಿದ್ರೆ ಚರ್ಚಿನ ಹೊರಗೂ ನಿಂತಿರೋರು. ಮೂವತ್ತೆಂಟು ವರ್ಷ ಕಾರ್ಖಾನೇಲಿ ಕಾರಿಗೆ ಬಣ್ಣ ಹೊಡೆದೋನು, ಕ್ಲಿಫ್ ಅಂದ್ರೆ ಯಾರಿಗೆ ಗೊತ್ತಿಲ್ಲ ಅಲ್ಲಿ! ಇಲ್ಲಿ... ಇಲ್ಲಿನವ್ರೂ ಒಳ್ಳೆಯವ್ರು ಕಣೇ. ಎದುರು ಸಿಕ್ಕಿದ್ರೆ ಗುಡ್ ಮಾರ್ನಿಂಗ್ ಅಂತಾರೆ, ಹವಾ ಬಗ್ಗೆ ಒಂದು ಮಾತು ಆಡ್ತಾರೆ... ಯಾಕೆ ನಗ್ತೀಯಾ? ನಗೋ ಅಂಥದ್ದು ಏನಂದೆ ನಾನು? ಅಷ್ಟೇ ಅಂತೀಯಾ? ಹೂಂ, ಅಷ್ಟೇ. ಹನ್ನೊಂದು ತಿಂಗಳಾಯ್ತು ಬಂದು. ಒಬ್ಬರೂ ಒಳಗೆ ಬಂದು ಈ ಕುರ್ಚಿ ಮೇಲೆ ಕೂತಿಲ್ಲ. ನೀನೇ ಮೊದಲು.

ನೀನು ಯಾವತ್ತೂ ಕೇಳ್ಲಿಲ್ಲ, ನಂಗೆ ಈ ಊರೇ ಯಾಕೆ ಬೇಕಿತ್ತು ಅಂತ. ಹನ್ನೊಂದು ವರ್ಷದವಳಿದ್ದೆ ಬೆರಿಲ್. ಚರ್ಚಿನ ಸಂಡೇ ಸ್ಕೂಲಿನವ್ರು ಬಸ್ಸಲ್ಲಿ ಈ ಮಾರ್ಲ್‌ಬೆರಿಗೆ ಕರ್ಕೊಂಡು ಬಂದಿದ್ರು. ಗುರುವಾರದ ಸಂತೆ. ನಮ್ಮ ಬೀದೀಲಿ ಗೋಡೆ ಅಂದ್ರೆ ಮಸಿ. ಇಲ್ಲಿ ನೋಡಿದ್ರೆ ಇಡೀ ಊರು ಜೇನಿನ ಬಣ್ಣ! ಮಧ್ಯದಲ್ಲಿ ಈ ಬೆಣ್ಣೆ ಮಂಟಪ, ಹಿಂದಿನ ಕಾಲದಲ್ಲಿ ಹಳ್ಳಿ ಹೆಂಗಸರು ಬುಟ್ಟಿ ಇಟ್ಕೊಂಡು ಬೆಣ್ಣೆ ಮಾರ್ತಿದ್ರಂತೆ ಅದರ ಕಂಬದ ನೆರಳಲ್ಲಿ. ಅದರ ಎದುರಿಗೆ ಒಂದು ಮನೆ, ಕಿಟಕೀಲಿ ಒಬ್ಬಳು ಹೆಂಗಸು ಹೂವಿಗೆ ನೀರು ಹಾಕ್ತಾ ನಿಂತಿದ್ಲು. ಆತುರ ಇಲ್ಲ, ಕೂಗಾಟ ಇಲ್ಲ. ಆಮೇಲೆ ಮೂವತ್ತು ವರ್ಷ ಸ್ಕೂಲಿನ ಅಡಿಗೆಮನೇಲಿ ಪಾತ್ರೆ ಉಜ್ಜುವಾಗೆಲ್ಲಾ ನನ್ನ ಕಣ್ಣ ಮುಂದೆ ಆ ಹೆಂಗಸು. ಅದೇ ಮನೆ ಮಾರಾಟಕ್ಕೆ ಬಂತು ಅಂದ್ರೆ... ಇದೇ ಮನೆ! ನೀನಾದ್ರೂ ಬಿಡ್ತಿದ್ಯಾ?

ಬಲವಂತ ಮಾಡ್ಲಿಲ್ಲ ನಾನು. ದೇವರಾಣೆಗೂ ಇಲ್ಲ. ‘ನಿಂಗೆ ಬೇಕಾ ನೋರೀನ್?’ ಅಂದ. ಬೇಕು ಅಂದೆ. ‘ಹಾಗಾದ್ರೆ ಹೋಗೋಣ’ ಅಂದ. ಅವನು ಯಾವತ್ತು ಇಲ್ಲ ಅಂದಿದ್ದಾನೆ ನಂಗೆ? ಪಾರಿವಾಳಗಳನ್ನ ಮಾತ್ರ... ಹೂಂ, ಅದು ತಪ್ಪಾಯ್ತು. ಇಪ್ಪತ್ತಾರು ಪಂದ್ಯದ ಪಾರಿವಾಳ, ಎಲ್ಲಾನೂ ಗೆಳೆಯ ಸ್ಟ್ಯಾನ್‌ಗೆ ಕೊಟ್ಟು ಬಂದ. ಇಲ್ಲಿ ಹಿತ್ತಲಲ್ಲಿ ಗೂಡು ಕಟ್ಟಿ ಮತ್ತೆ ಸಾಕ್ತೀನಿ ಅಂದ್ಕೊಂಡಿದ್ದ. ಕೌನ್ಸಿಲ್‌ನವ್ರು ಆಗಲ್ಲ ಅಂದ್ರು. ನಾನೂರು ವರ್ಷದ ಮನೆಯಂತೆ, ಕಿಟಕಿಗೆ ಯಾವ ಬಣ್ಣ ಹೊಡೀಬೇಕು ಅನ್ನೋದಕ್ಕೂ ಅವರ ಅಪ್ಪಣೆ ಬೇಕು. ಒಂದಿನ ಸ್ಟ್ಯಾನ್ ಫೋನ್ ಮಾಡಿ ಹೇಳಿದ, ‘ನಿನ್ನವು ನಾಲ್ಕು ತಪ್ಪಿಸ್ಕೊಂಡು ನಿಮ್ಮ ಹಳೇ ಮನೆ ಮಾಡಿನ ಮೇಲೆ ಕೂತಿವೆ ಕಣೋ, ಎಷ್ಟು ಕರೆದ್ರೂ ಇಳೀತಿಲ್ಲ’ ಅಂತ. ಕ್ಲಿಫ್ ಜೋರಾಗಿ ನಕ್ಕ. ಫೋನ್ ಇಟ್ಟ ಮೇಲೆ ಹಿತ್ತಲಿಗೆ ಹೋಗಿ ಒಂದು ಗಂಟೆ ನಿಂತಿದ್ದ. ಮಳೇಲಿ.

ಆಮೇಲೆ ಮಂಟಪದ ಬೆಂಚೇ ಅವನ ಜಾಗ ಆಯ್ತು. ಕೆಮ್ಮು ಆಗಲೇ ಇತ್ತು... ಹಳೇ ಮನೆ ಧೂಳು ಅಂದೆ ನಾನು. ಸುಣ್ಣದ ಗೋಡೆ, ಕೆರೆಯೋವಾಗ ಪುಡಿ ಉದುರುತ್ತೆ, ಯಾರಿಗಾದ್ರೂ ಕೆಮ್ಮು ಬರುತ್ತೆ. ಫೆಬ್ರವರಿ ಸಂತೆ ದಿನ ಚೀಸ್ ಅಂಗಡಿ ಮುಂದೆ ಬಗ್ಗಿದೋನು ಏಳ್ಲೇ ಇಲ್ಲ. ಬಿಳೀ ಕರವಸ್ತ್ರ ಪೂರ್ತಿ ಕೆಂಪು. ಅಲ್ಲಿಂದ ನೇರ ಆಸ್ಪತ್ರೆಗೇ ಎತ್ಕೊಂಡು ಹೋದ್ರು. ಅಷ್ಟು ದಿಢೀರ್ ಅಂತ ಬಂತು ಕಣೇ! ಯಾರಿಗೆ ಗೊತ್ತಿತ್ತು? ನೀನೇ ಹೇಳು, ಮೊದಲೇ ಯಾರಿಗಾದ್ರೂ ಹೇಗೆ ಗೊತ್ತಾಗುತ್ತೆ?

...

ಹೇಗೆ ಗೊತ್ತಾಗುತ್ತೆ ಅಂದೆ.

ಹಾಗೆ ನೋಡ್ಬೇಡ್ವೇ. ಕಿಟಕಿ ಕಡೆ ನೋಡು, ನೆಲ ನೋಡು. ನಿನ್ನೆ ಗುಂಡಿ ಹತ್ರಾನೂ ಹೀಗೇ ನೋಡ್ತಿದ್ದೆ. ಪಾದ್ರಿ ಮಣ್ಣು ಹಾಕಿ ಅಂದಾಗ ನೀನು ಮಣ್ಣು ಹಾಕೋದು ಬಿಟ್ಟು ನನ್ನ ಮುಖ ನೋಡ್ತಾ ನಿಂತೆ. ನಂಗೇನು ಅರ್ಥ ಆಗಲ್ಲ ಅಂದ್ಕೊಂಡ್ಯಾ?

ಮಂಗಳವಾರ ಬಂತು ಕಾಗದ. ಆಯ್ತಾ? ಸಾಕಾ? ಹೋದ ಮೇ ತಿಂಗಳು, ಮಂಗಳವಾರ. ಶುಕ್ರವಾರ ಮನೆ ಕಾಗದಕ್ಕೆ ಸಹಿ ಹಾಕೋದಿತ್ತು. ಎದೆ ಎಕ್ಸ್‌ರೇ ತೆಗೆಸ್ಕೊಂಡಿದ್ನಲ್ಲಾ, ಕಾರ್ಖಾನೆಯಿಂದ ನಿವೃತ್ತಿ ಆದೋರಿಗೆಲ್ಲಾ ತೆಗೀತಿದ್ರು, ಅದರ ಬಗ್ಗೆ. ಅವನ ಹೆಸರಿಗೇ ಬಂದಿತ್ತು. ನಾನು ಒಡೆದೆ. ಎಡಗಡೆ ಏನೋ ನೆರಳು ಕಾಣ್ತಿದೆ, ಎರಡು ವಾರದೊಳಗೆ ಬನ್ನಿ ಅಂತ ಇತ್ತು. ಕ್ಯಾನ್ಸರ್ ಅಂತ ಇರ್ಲಿಲ್ಲ ಬೆರಿಲ್! ಆ ಪದಾನೇ ಇರ್ಲಿಲ್ಲ! ಬರೀ ನೆರಳು. ಇದನ್ನ ತೋರಿಸಿದ್ರೆ ಅವನು ಸಹಿ ಹಾಕಲ್ಲ. ಆಸ್ಪತ್ರೆ, ಪರೀಕ್ಷೆ, ಆಮೇಲೆ ನೋಡೋಣ ಅಂತಾನೆ. ಮನೆ ಮಾರೋನು ಎರಡು ದಿನವೂ ಕಾಯೋನಲ್ಲ, ಬೇರೆಯವ್ರು ತುದಿಗಾಲಲ್ಲಿ ನಿಂತಿದ್ರು. ಅಲ್ಲಿಗೆ ಹೋಗಿ, ಪರದೆ ಹಾಕಿ, ಅಲ್ಲಿನ ಡಾಕ್ಟರಿಗೇ ತೋರಿಸಿದ್ರಾಯ್ತು ಅಂದ್ಕೊಂಡೆ. ಏಪ್ರನ್ ಜೇಬಿಗೆ ಹಾಕ್ಕೊಂಡೆ. ಹೊರಗೆ ಅವನು ಪಾರಿವಾಳಕ್ಕೆ ಕಾಳು ಹಾಕ್ತಾ ಶಿಳ್ಳೆ ಹೊಡೀತಿದ್ದ.

ಎರಡನೇದು ಇಲ್ಲಿಗೇ ಬಂತು, ಹಳೇ ವಿಳಾಸದಿಂದ ಸುತ್ತಿ. ಅಷ್ಟು ಹೊತ್ತಿಗೆ ಆರು ವಾರ ಕಳೆದಿತ್ತು. ಆಗ ತೋರಿಸಿದ್ರೆ ಮೊದಲನೇದು ಎಲ್ಲಿ ಅಂತ ಕೇಳ್ತಾನೆ. ನಾಳೆ ಹೇಳ್ತೀನಿ, ನಾಳೆ ಹೇಳ್ತೀನಿ... ದಿನಾ ಬೆಳಿಗ್ಗೆ ಎದ್ದು ಅದನ್ನೇ ಅಂದ್ಕೊಳ್ತಿದ್ದೆ, ದಿನಾ ಅವನ ಕೆಮ್ಮು ಕೇಳಿ ಜೋರಾಗಿ ನಲ್ಲಿ ಬಿಡ್ತಿದ್ದೆ. ನೋಡೇ, ಇದೇ ನಲ್ಲಿ. ಇಲ್ಲೇ ನಿಂತು, ಹೂವಿನ ಕಿಟಕಿ ಹತ್ರ.

ಆಸ್ಪತ್ರೇಲಿ ಡಾಕ್ಟರು, ಚಿಕ್ಕ ವಯಸ್ಸಿನ ಹುಡುಗಿ, ಫೈಲು ತೆಗೆದು ಅವನ ಎದುರಿಗೇ ಕೇಳಿದ್ಲು. ‘ಹೋದ ವರ್ಷವೇ ಎರಡು ಸಲ ಬರೆದಿದ್ದಾರಲ್ಲ ನಿಮಗೆ. ಆಗಲೇ ಬಂದಿದ್ರೆ ಏನಾದ್ರೂ ಮಾಡಬಹುದಿತ್ತು. ಯಾಕೆ ಬರ್ಲಿಲ್ಲ?’ ಕ್ಲಿಫ್ ನನ್ನ ಕಡೆ ತಿರುಗಿದ. ಎಷ್ಟು ಹೊತ್ತು ನೋಡಿದ್ನೋ... ನಲವತ್ತೊಂದು ವರ್ಷ ಜೊತೇಲಿ ಬಾಳಿದೋನಿಗೆ ನನ್ನ ಮುಖ ಓದೋಕೆ ಎಷ್ಟು ಹೊತ್ತು ಬೇಕು? ಆಮೇಲೆ ಅವಳ ಕಡೆ ತಿರುಗಿ, ‘ಮನೆ ಬದಲಾಯಿಸ್ತಿದ್ವಿ ಡಾಕ್ಟ್ರೇ, ಅಂಚೆಯೋನ ಕೈಯಲ್ಲಿ ಎಲ್ಲೋ ತಪ್ಪಿಹೋಗಿರ್ಬೇಕು’ ಅಂದ. ನನ್ನ ಕೈ ಹಿಡ್ಕೊಂಡ. ಹಿಡ್ಕೊಂಡೇ ಅಂದ.

ಅದಾದ ಮೇಲೆ ಏಳು ವಾರ ಬದುಕಿದ್ದ. ಒಂದೇ ಒಂದು ಸಲ ಕೇಳ್ಲಿಲ್ಲ. ಬೈದಿದ್ರೆ, ಹೊಡೆದಿದ್ರೆ, ಕಾಲು ಹಿಡ್ಕೊಳ್ತಿದ್ದೆ. ಸೂಪು ಕುಡಿಸಿದ್ರೆ ‘ಥ್ಯಾಂಕ್ಯೂ ಕಣೇ’ ಅಂತಿದ್ದ. ಪ್ರತಿ ಭಾನುವಾರ ಅವನು ನಿಂಗೆ ಫೋನ್ ಮಾಡೋವಾಗ ಮಾತ್ರ ನಾನು ವಾರ್ಡಿನ ಹೊರಗೆ ಹೋಗಿ ನಿಲ್ತಿದ್ದೆ. ಹೇಳ್ಕೊಳ್ಲಿ ಪಾಪ, ತಂಗಿ ಹತ್ರ ಹೇಳ್ಕೊಳ್ದೆ ಇನ್ಯಾರ ಹತ್ರ ಹೇಳ್ಕೋತಾನೆ ಅಂತ. ಗಾಜಿನಾಚೆಯಿಂದ ಅವನ ತುಟಿ ನೋಡ್ತಾ ಇರ್ತಿದ್ದೆ, ಈಗ ಹೇಳಿದ, ಈಗ ಹೇಳಿದ ಅಂತ. ನೀನು ಬಂದ ದಿನದಿಂದ ಕಾಯ್ತಿದೀನಿ, ಯಾವಾಗ ಬಾಯಿ ಬಿಡ್ತೀಯಾ ಅಂತ. ಬೈಯೇ. ಎದ್ದು ನಿಂತು ಇಡೀ ಸಂತೆಗೆ ಕೇಳೋ ಹಾಗೆ ಬೈಯಿ...

ಏನು?

ಯಾಕೆ ಬಾಯಿ ಮುಚ್ಕೊಂಡೆ ಕೈಯಲ್ಲಿ? ಬೆರಿಲ್? ಯಾಕೆ ತಲೆ ಅಲ್ಲಾಡಿಸ್ತಿದೀಯಾ?

ಹೇಳಿದ್ದ ತಾನೇ?... ಅಷ್ಟೊಂದು ಭಾನುವಾರ... ಒಂದು ಸಲಾನೂ?

ನಿಂಗೂ ಹೇಳಿರ್ಲಿಲ್ವಾ ಅವನು?