ಮದ್ದಿನ ಮನೆಯ ರಿಜಿಸ್ಟರ್

ಫೋರ್ಟ್ ಕೊಚ್ಚಿಯ ಜೆಟ್ಟಿಯಲ್ಲಿ ಎರ್ನಾಕುಲಂ ಬೋಟಿಗೆ ಹೆಂಗಸರ ಸಾಲು ನಿಂತಿತ್ತು. ಮುಂದಿದ್ದ ಇಬ್ಬರು ಕನ್ನಡದವರೆಂದು ತಿಳಿದಾಗ, ತನಗೂ ಕನ್ನಡ ಬರುತ್ತದೆಂದು ಹೇಳಿಬಿಡಬೇಕೆಂದು ಕಲ್ಯಾಣಿಗೆ ಅನಿಸಿತು. ಅಷ್ಟರಲ್ಲಿ ಅವರ ಮಾತು, ನಡುವೆ ಬಾಯಿ ಹಾಕಲಾಗದಷ್ಟು ಮುಂದೆ ಹೋಗಿತ್ತು.

"ರಿಜಿಸ್ಟರಲ್ಲಿದ್ದಿದ್ದು ಅಣ್ಣನ ಹೆಸರೇನಾ ಅತ್ತಿಗೆ, ಸರಿಯಾಗಿ ನೋಡಿದ್ರಾ?"

"ಅವರ ಅಕ್ಷರ ನಂಗೆ ಗೊತ್ತಿಲ್ವಾ ಪಾವನಾ? ಹೋದ ವರ್ಷ, ಹಡಗು ಹತ್ತೋ ಹಿಂದಿನ ದಿನ ಕೋಟೆಯವರು ಸಿಡಿಮದ್ದು ಇಡ್ತಿದ್ದ ಆ ಮದ್ದಿನ ಮನೆ ನೋಡಕ್ಕೆ ಹೋಗಿದಾರೆ. ಅಲ್ಲಿಗೆ ಯಾರೂ ಬರಲ್ವಲ್ಲ, ಇನ್ನೂ ಅದೇ ಪುಸ್ತಕ."

"ನಂಗ್ಯಾಕೆ ಆಗ್ಲೇ ಹೇಳ್ಲಿಲ್ಲ?"

"ಒಳಗೆ ಹೋದ ಟೈಮ್ ಬರೆದಿದಾರೆ. ಹೊರಗೆ ಬಂದಿದ್ದು ಖಾಲಿ."

"ಮರ್ತಿರ್ತಾನೆ. ಮನೇಲಿ ಒಂದಿನ ಚಿಲಕ ಹಾಕಿದ್ನಾ, ಪುಣ್ಯಾತ್ಮ?"

ಅತ್ತಿಗೆ ನಗಲಿಲ್ಲ. "ನಾನೇ ಬರೆದುಬಿಟ್ಟೆ. ನಾಲ್ಕೂ ಇಪ್ಪತ್ತು ಅಂತ."

"ಇವತ್ತಿನ ಟೈಮಾ? ಅಯ್ಯೋ, ಯಾಕೆ?"

"ಸಮುದ್ರದಲ್ಲಿ ಎಷ್ಟು ಹುಡುಕಿದ್ರೂ ಸಿಗ್ಲಿಲ್ಲ ಅಂದ್ರಲ್ಲ ಹಡಗಿನವರು. ಇಲ್ಲೇ ಒಳಗೆ ಉಳಿದುಬಿಟ್ಟಿದಾರೆ ಅನ್ನಿಸ್ತು. ಹೊರಗೆ ಬರ್ಲಿ ಅಂತ."

"ವಾಚ್‌ಮನ್ ಬೈಲಿಲ್ವಾ?"

"ಇಲ್ಲ. ನಾವಿಬ್ಬರೂ ದಾಟಿದ ಮೇಲೂ ಗೇಟು ಹಿಡ್ಕೊಂಡೇ ನಿಂತಿದ್ದ. ಆಮೇಲೆ ಪಕ್ಕಕ್ಕೆ ಸರಿದು ದಾರಿ ಬಿಟ್ಟ."

"ಯಾರಿಗೆ?"

ಅತ್ತಿಗೆ ಸೆರಗು ಸರಿಮಾಡಿಕೊಂಡರು. ಪಾವನಾ ಹಿಂದಕ್ಕೆ ತಿರುಗಿ ನೋಡಲಿಲ್ಲ.

ಬೋಟು ಬಂತು. ಇಬ್ಬರೂ ಕೈ ಹಿಡಿದುಕೊಂಡು ಹಲಗೆ ದಾಟಿದರು. ಹಿಂದಿನವರು ಮಲಯಾಳಂನಲ್ಲಿ ಗದರುತ್ತಾ ಕಲ್ಯಾಣಿಯನ್ನು ದೂಡಿದರು. ಅವಳು ಒಂದು ಹೆಜ್ಜೆ ಇಟ್ಟವಳು ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು. ಖಾಲಿ ಹಲಗೆಯ ಮೇಲೆ ಇನ್ನೊಬ್ಬರು ದಾಟುವಷ್ಟು ಹೊತ್ತು ಕಾದು, ಆಮೇಲೆ ತಾನು ಹತ್ತಿದಳು.