ಹೊಸ ಪ್ರೊಸೆಸರ್ ಮೇಲಿನ ಅನುಮಾನ

ಶಿವಾಜಿನಗರದ ಬಸ್ ಸಾಲಿನಲ್ಲಿ ನನ್ನ ಮುಂದೆ ಅಕ್ಕ, ತಮ್ಮ ನಿಂತಿದ್ದರು. ತಮ್ಮನಾದವನು ಚಾದರಿನಲ್ಲಿ ಸುತ್ತಿದ ಕಂಪ್ಯೂಟರನ್ನು ಎದೆಗೆ ಅವಚಿಕೊಂಡಿದ್ದ. ಅವರ ಉತ್ತರ ಕರ್ನಾಟಕದ ಕನ್ನಡ ಕಿವಿಗೆ ಬಿದ್ದಾಗ, ಮನಸ್ಸಿನಲ್ಲೇ ಮಾಡುತ್ತಿದ್ದ ನನ್ನ ನಾಮಸ್ಮರಣೆ ತಾನಾಗಿಯೇ ನಿಂತಿತು.

“ಆ ಅಂಗಡ್ಯಾಂವ ಕಳ್ಳ ಇದ್ದಾನ, ಭಾಗ್ಯಕ್ಕಾ. ಹೊಸಾ ಪ್ರೊಸೆಸರ್ ಅಂತ ಹೇಳಿ ಹಳೇದು ಕೂಡಿಸ್ಯಾನ.”

“ಮೊದಲನೇ ದಿನ ಛಲೋ ನಡೀತಲ್ಲೋ ಮಹೇಶಾ. ಸಂಜೀತನಕ ಲಗ್ನಪತ್ರಿಕಾ ಮಾಡೀನಿ.”

“ಈಗ ಹತ್ತು ನಿಮಿಷಕ್ಕ ಕಾದ ಹಂಚಾಗಿ ಬಂದ್ ಬೀಳ್ತದ. ಇವತ್ತ ಅವನ್ನ ಬಿಡಂಗಿಲ್ಲ.”

“ನಾಳಿಗಿ ಪತ್ರಿಕಾ ಕೊಡದಿದ್ರ ಗಿರಾಕಿ ಕೈಬಿಟ್ಟು ಹೋಗ್ತದ. ಜಗಳ ಆಮ್ಯಾಲ. ಹಳೇದು ಅಂತ ನಿನಗ ಹ್ಯಾಂಗ ಗೊತ್ತು?”

“ಇರಬೇಕು ಅಂತ. ನಂಬರೇನೋ ಬಿಲ್ಲಿನ್ಯಾಗ ಇದ್ದದ್ದೇ ಅದ.”

“ನಂಬರ್ ಯಾವಾಗ ನೋಡ್ದಿ?”

“ಮರುದಿನ ಮುಂಜಾನೆ ಫ್ಯಾನ್ ಬಿಚ್ಚಿದೆ. ಪ್ರೊಸೆಸರ್ ಮ್ಯಾಲ ಬಿಳಿ ಪೇಸ್ಟ್ ಮೆತ್ತಿದ್ದ, ನಂಬರ್ ಮುಚ್ಚಾಕ. ಪೂರಾ ಒರೆಸಿ ನೋಡ್ದೆ.”

“ಮತ್ತ ಹಚ್ಚಿದೇನು?”

“ಎಲ್ಲಿಂದ ಹಚ್ಚಲಿ? ಫ್ಯಾನ್ ಹಾಂಗೇ ಕೂಡಿಸಿದೆ.”



“ಶಾಣ್ಯಾ! ಪ್ರೊಸೆಸರಿನ ಶಾಖ ಫ್ಯಾನಿಗಿ ಮುಟ್ಟಾಕ ಆ ಪೇಸ್ಟ್ ಬೇಕು ಅಂತ ಅಂವಾ ಹಚ್ಚುವಾಗೇ ನನಗ ಹೇಳಿದ್ದ.”

“ನನಗ್ಯಾಕ ಹೇಳ್ಲಿಲ್ಲ? ಅಲ್ಲೇ ಅದ ಅವನ ಆಟ.”

“ಬಸ್ ಬಂತು, ಹತ್ತು. ಅಂಗಡ್ಯಾಗ ನಾ ಮಾತಾಡ್ತೀನಿ, ತಪ್ಪು ನಮ್ಮದು ಅಂತ. ನೀ ಬಾಯಿ ತೆಗದೀ ಅಂದ್ರ ನೋಡು.”

ಮಹೇಶ ಗಂಟನ್ನು ಸಂಭಾಳಿಸುತ್ತ ಅವಳ ಹಿಂದೆ ಮೆಟ್ಟಿಲು ಹತ್ತಿದ.

“ಅಕ್ಕಾ, ಆ ಪೇಸ್ಟಾದ್ರೂ ಅಸಲಿ ಇತ್ತೋ ಇಲ್ಲೋ?”