ಆರು ಲಂಗ

ಲಾ ಪಾಸ್‌ನ ಆಸ್ಪತ್ರೆಯಿಂದ ಮೇಲಿನ ಎಲ್ ಆಲ್ಟೋಗೆ ಮರಳುತ್ತಿದ್ದ ಅಕ್ಕತಂಗಿಯರು ಕೇಬಲ್ ಕಾರಿನಲ್ಲಿ, ಅವರ ಪರಿಚಯವಿಲ್ಲದ ಸಹಪ್ರಯಾಣಿಕಳಾದ ಬೆನಿಟಾಳ ಎದುರೇ ಕೂತಿದ್ದರು.

“ಹೊಟ್ಟೆ ಆಪರೇಷನ್ ಆಗಿ ಅರ್ಧಕ್ಕರ್ಧ ಇಳಿದಿದೀಯ. ಆದ್ರೂ ಯಾಕಕ್ಕ ಈ ಏದುಸಿರು?”

“ತೂಕ ಇಳಿದ್ರೆ ಉಸಿರು ಸರಿಹೋಗತ್ತೆ ಅಂದಿದ್ದ ಡಾಕ್ಟ್ರೇ ಇವತ್ತು, ನಿಮ್ಮೂರಿನ ಗಾಳಿನೇ ತೆಳು, ಕೆಳಗಡೆ ಹೋಗಿ ಬದುಕಿ ಅಂದ್ರು.”

“ಹೋಗ್ತೀಯಾ?”

“ಅಂಗಡಿ ಮೇಲಿದೆ. ನಿನ್ ಭಾವನ್ನ ಮಣ್ಣು ಮಾಡಿದ್ದೂ ಮೇಲೇ.”

“ಒಂದರ ಮೇಲೊಂದು ಆರು ಲಂಗ ಹಾಕ್ಕೊಂಡಿದೀಯ. ಮೂರಾದ್ರೂ ಬಿಚ್ಚಿಕೊಡು, ಮೆಟ್ಟಿಲು ಹತ್ತೋವರೆಗೂ ನಾನು ಹೊರ್ತೀನಿ.”

“ಬೇಡ ಕಣೆ. ಸೊಂಟ ಸಣ್ಣಗೆ ಕಂಡ್ರೆ, ಇವಳಿನ್ನು ಉಳಿಯಲ್ಲ ಅಂತ ಸಂತೆ ಹೆಂಗಸ್ರು ಈಗ್ಲೇ ಅಳೋಕೆ ಶುರು ಮಾಡ್ತಾರೆ.”

ಮೇಲಿನ ನಿಲ್ದಾಣದಲ್ಲಿ ಬಾಗಿಲು ತೆರೆಯಿತು. ಕಳೆದುಕೊಂಡ ತೂಕವನ್ನೆಲ್ಲ ಸೊಂಟಕ್ಕೆ ಸುತ್ತಿಕೊಂಡ ಅಕ್ಕ, ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಹತ್ತತೊಡಗಿದಳು.